ಮೇಲೆ ಹೋಗಿ ಬಂದವರು

ನೂರಹತ್ತನೇ ಬೀದಿಯ ಆ ಐದು ಮಹಡಿ ಕಟ್ಟಡದಲ್ಲಿ ಯಾರಾದರೂ ‘ಮೇಲೆ ಹೋದರಂತೆ’ ಎಂದು ಸುದ್ದಿ ಬಂದರೆ ಸತ್ತರು ಎಂದು ತಿಳಿಯಬಾರದು. ಫ್ಲಾರಿಡಾಕ್ಕೆ ಹೊರಟರು ಎಂದು ತಿಳಿಯಬೇಕು. ಇಲ್ಲವೇ ಪೋರ್ಟೊ ರಿಕೊಗೆ ವಾಪಸು, ಇಲ್ಲವೇ ಪೆನ್ಸಿಲ್ವೇನಿಯಾದ ಯಾವುದೋ ತಂಗಿಯ ಮನೆಗೆ. ಅಂತೂ ನ್ಯೂಯಾರ್ಕ್ ಬಿಟ್ಟರು ಎಂದರ್ಥ. ಈ ಮಾತು ಹುಟ್ಟಿದ್ದು ಎರಡನೇ ಮಹಡಿಯ ದೋನ್ ಫರ್ಮಿನ್‌ನಿಂದ. ಮೂವತ್ತೆಂಟು ವರ್ಷ ಎಂಪೈರ್ ಸ್ಟೇಟ್ ಕಟ್ಟಡದ ಬುಡದಲ್ಲೇ ದಿನವೂ ಬಸ್ಸು ಬದಲಿಸಿದ ಆಸಾಮಿ ಒಮ್ಮೆಯೂ ಅದರ ಮೇಲೆ ಹತ್ತಿರಲಿಲ್ಲ. ಊರು ಬಿಡುವ ಹಿಂದಿನ ದಿನ, ನಾಳೆಯಿಂದ ನಾನೂ ಹೊರಗಿನವನೇ ತಾನೆ ಎಂದುಕೊಂಡು, ಮದುವೆಯ ಕೋಟು ಹಾಕಿಕೊಂಡು ಹೋಗಿ, ಎಂಬತ್ತಾರನೇ ಮಹಡಿಯಿಂದ ಊರನ್ನೆಲ್ಲ ನೋಡಿ, ಮುಖ ಒರೆಸಿಕೊಂಡು ಬಂದ. ಅವನ ನಂತರ ಹೊರಟವರೆಲ್ಲ ಹಾಗೇ ಮಾಡಿದರು. ಇರುವವರು ಅಲ್ಲಿಗೆ ಯಾಕೆ ಹೋಗುತ್ತಾರೆ? ಅದು ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡು ಬಂದವರ ಜಾಗ. ಇರುವವರಿಗೆ ಅದು ಕೆಳಗಿನಿಂದ ನೋಡುವ ವಸ್ತು, ಅದೂ ಕತ್ತೆತ್ತಿ ಅಲ್ಲ, ಓರೆಗಣ್ಣಿನಲ್ಲಿ.

ಆದ್ದರಿಂದ ಏಪ್ರಿಲ್ ತಿಂಗಳ ಒಂದು ಭಾನುವಾರ ಎಲಾದಿಯೋ ಎರಡು ಹಾಳೆಗಳನ್ನು ತಂದು, ಫ್ರಿಜ್ಜಿನ ಬಾಗಿಲಿಗೆ ಅನಾನಸಿನ ಆಕಾರದ ಅಯಸ್ಕಾಂತದಿಂದ ಅಂಟಿಸಿ, ಒಂದು ಮಾತೂ ಆಡದೆ ಸ್ನಾನಕ್ಕೆ ಹೋದಾಗ, ಅವನ ಹೆಂಡತಿ ಇಲುಮಿನಾದಾ ಅಕ್ಕಿ ತೊಳೆಯುತ್ತಿದ್ದ ಕೈಯನ್ನು ನೀರಿನಲ್ಲೇ ಬಿಟ್ಟು ನಿಂತಳು. ಲೈಬ್ರರಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದ ಟಿಕೆಟ್ಟುಗಳು ಅವು. ಎಂಪೈರ್ ಸ್ಟೇಟ್, ಗುರುವಾರ, ಬೆಳಗ್ಗೆ ಹತ್ತು ಗಂಟೆ, ಇಬ್ಬರಿಗೆ.

ನಲವತ್ನಾಲ್ಕು ವರ್ಷದ ಸಂಸಾರ. ಇಬ್ಬರೂ ದೊಡ್ಡ ಮಾತನ್ನು ಬಾಯಲ್ಲಿ ಆಡುವವರಲ್ಲ. ಮದುವೆಗೆ ಮುಂಚೆಯೂ ಅಷ್ಟೆ, ಅವನು ಮದುವೆಯಾಗುತ್ತೀಯಾ ಎಂದು ಕೇಳಲೇ ಇಲ್ಲ. ಒಂದು ದಿನ ಕಬ್ಬಿಣದ ದೊಡ್ಡ ಬಾಣಲೆಯೊಂದನ್ನು ತಂದು ಅವಳ ಸೋದರತ್ತೆಯ ಮನೆಯ ಮೇಜಿನ ಮೇಲಿಟ್ಟು, ಇದು ಇಬ್ಬರಿಗೆ ಸಾಕಾಗುತ್ತೆ ಅಂದಿದ್ದ. ಆ ಬಾಣಲೆ ಈಗಲೂ ಒಲೆಯ ಮೇಲಿದೆ. ಅಂಥ ಗಂಡಸು ಎರಡು ಟಿಕೆಟ್ಟು ತಂದು ಫ್ರಿಜ್ಜಿಗೆ ಅಂಟಿಸಿದ್ದಾನೆ ಅಂದರೆ ಲುಮಿಗೆ (ಅವಳನ್ನು ಎಲ್ಲರೂ ಕರೆಯುವುದೇ ಹಾಗೆ) ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ತಮ್ಮ ವಿಲ್ಫ್ರೇದೋ ಫ್ಲಾರಿಡಾದ ಕಿಸಿಮ್ಮೀಯಲ್ಲಿ ತನ್ನ ಮನೆಯ ಪಕ್ಕದ್ದೇ ಮನೆ ಖಾಲಿಯಾಗಿದೆ ಎಂದು ಮೂರು ತಿಂಗಳಿಂದ ಫೋನು ಮಾಡುತ್ತಿದ್ದ. ನೆಲದ ಮೇಲಿನ ಮನೆಯಂತೆ. ಒಂದೇ ಒಂದು ಮೆಟ್ಟಿಲೂ ಇಲ್ಲವಂತೆ. ಹಿತ್ತಿಲಿನಲ್ಲಿ ನಿಂಬೆ ಗಿಡವಂತೆ. ನಿಂಬೆಹಣ್ಣು ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ ಎಂದು ಲುಮಿ ಪ್ರತಿಸಲ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ಮೆಟ್ಟಿಲಿನ ವಿಷಯ ಮಾತ್ರ ಬೇರೆ. ಅವರ ಮನೆ ಐದನೇ ಮಹಡಿಯಲ್ಲಿ, ಕಟ್ಟಡಕ್ಕೆ ಲಿಫ್ಟಿಲ್ಲ. ಎಲಾದಿಯೋ ಮೂವತ್ತು ವರ್ಷ ಶಾಲೆಯೊಂದರ ನೆಲಮಾಳಿಗೆಯಲ್ಲಿ ಬಾಯ್ಲರು ನೋಡಿಕೊಂಡವನು. ಆ ಸಿಮೆಂಟಿನ ನೆಲ ಅವನ ಎರಡೂ ಮಂಡಿಗಳನ್ನು ತಿಂದು ಹಾಕಿತ್ತು. ಹೋದ ಚಳಿಗಾಲದಲ್ಲಿ ಲುಮಿ ಅಡುಗೆಮನೆಯ ಮರದ ಕುರ್ಚಿಯೊಂದನ್ನು ಮೂರನೇ ಮಹಡಿಯ ತಿರುವಿನಲ್ಲಿ ಇಟ್ಟು ಬಂದಿದ್ದಳು, ಹತ್ತುವಾಗ ಐದು ನಿಮಿಷ ಕೂರಲಿ ಎಂದು. ಅವನು ಅದನ್ನು ಕಂಡವನೇ ಎತ್ತಿ ಹೆಗಲಿಗೇರಿಸಿ, ಅದೇ ಮಂಡಿಗಳಿಂದ ಎರಡು ಮಹಡಿ ಹೊತ್ತು ತಂದು ಅಡುಗೆಮನೆಯಲ್ಲಿ ಕುಕ್ಕಿದ. ನಾನೇನು ಆಸ್ಪತ್ರೆಗೆ ಬಂದವನಾ ಅಂದ. ಆಮೇಲೆ ಎರಡು ದಿನ ಏದುಸಿರಿನಲ್ಲೇ ಅಭಿಮಾನ ತೋರಿಸಿದ. ಕುರ್ಚಿ ಅಡುಗೆಮನೆಯ ಬಾಗಿಲ ಹಿಂದೆ ಸೇರಿತು.

ಸೋಮವಾರ ಲುಮಿ ಎಂದಿನಂತೆ ಕೆಲಸಕ್ಕೆ ಹೋದಳು. ಅವಳದು ಬಟ್ಟೆಗೆ ನೆರಿಗೆ ಹಾಕುವ ಕೆಲಸ. ಮೂವತ್ತೆಂಟನೇ ಬೀದಿಯಲ್ಲಿ, ಹೊಲಿಗೆ ಕಾರ್ಖಾನೆಗಳ ಸಾಲಿನಲ್ಲಿ, ಒಂಬತ್ತನೇ ಮಹಡಿಯ ಉದ್ದನೆಯ ಕೋಣೆ. ಮಡಿಕೆ ಬಿದ್ದ ದಪ್ಪ ಕಾಗದದ ಎರಡು ಅಚ್ಚುಗಳು. ಕೆಳಗಿನದನ್ನು ಮೇಜಿನ ಮೇಲೆ ಎಳೆದು ಬಿಡಿಸಬೇಕು, ಬಟ್ಟೆ ಹಾಸಬೇಕು, ಮೇಲೊಂದು ಅಚ್ಚು ಮುಚ್ಚಬೇಕು, ಆಮೇಲೆ ಮೇಜಿನ ಆ ತುದಿಯಿಂದ ಒಬ್ಬರು ಈ ತುದಿಯಿಂದ ಒಬ್ಬರು ಒಂದೇ ಉಸಿರಿನಲ್ಲಿ ಮಡಿಸುತ್ತ ಬರಬೇಕು. ಮಡಿಸಿ ಕಟ್ಟಿದ್ದನ್ನು ಹಬೆಯ ಪೆಟ್ಟಿಗೆಗೆ ಇಟ್ಟರೆ, ಹೊರಗೆ ಬಂದಾಗ ಬಟ್ಟೆ ತನ್ನ ನೆರಿಗೆಯನ್ನು ಜನ್ಮಕ್ಕೂ ಮರೆಯುವುದಿಲ್ಲ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಲುಮಿಯ ಎದುರು ತುದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತವಳು ಯೂಟ್‌ಲಿಂಗ್ ಎಂಬ ಚೀನೀ ಹೆಂಗಸು. ಇವಳು ಸ್ಪ್ಯಾನಿಷ್‌ನಲ್ಲಿ ಎಣಿಸುತ್ತಾಳೆ, ಅವಳು ಕ್ಯಾಂಟನೀಸ್‌ನಲ್ಲಿ ಎಣಿಸುತ್ತಾಳೆ, ಮಡಿಕೆ ಮಾತ್ರ ಒಂದು ಕೂದಲೆಳೆಯೂ ತಪ್ಪುವುದಿಲ್ಲ.

ಹಬೆಯ ಪೆಟ್ಟಿಗೆ ತೆಗೆದಾಗಲೆಲ್ಲ ಕೋಣೆ ಬೆಳ್ಳಗಾಗಿ, ಮೇಜು, ಕಿಟಕಿ, ಯೂಟ್‌ಲಿಂಗ್ ಎಲ್ಲ ಕರಗಿ ಹೋಗುತ್ತಾರೆ. ಆ ಅರ್ಧ ನಿಮಿಷ ಲುಮಿಯದು. ಅವಳು ಬದುಕಿನಲ್ಲಿ ಕಂಡ ಕನಸುಗಳೆಲ್ಲ ನಿಂತುಕೊಂಡು ಕಂಡವು, ಆ ಹಬೆಯಲ್ಲಿ. ಅಲ್ಲಿ ಅವಳು ಹತ್ತೊಂಬತ್ತರ ಹುಡುಗಿಯಾಗಿ ಪೋರ್ಟೊ ರಿಕೊದ ತನ್ನೂರು ಮಾಯಾಗ್ವೆಸ್‌ನ ಸಮುದ್ರದ ದಂಡೆಯಲ್ಲಿ ನಡೆದಿದ್ದಾಳೆ, ಸತ್ತ ತಾಯಿಯ ಜೊತೆ ಕಾಫಿ ಕುಡಿದಿದ್ದಾಳೆ. ಹಬೆ ಇಳಿದಾಗ ಮೊದಲು ಕಾಣುವುದು ಕಿಟಕಿ, ಕಿಟಕಿಯಾಚೆ ಛಾವಣಿಗಳ ಮೇಲಿನ ನೀರಿನ ತೊಟ್ಟಿಗಳು, ಅವುಗಳಾಚೆ ಎಂಪೈರ್ ಸ್ಟೇಟಿನ ಬೂದುಬಣ್ಣದ ಮೈ. ದಿನಕ್ಕೆ ನಲವತ್ತು ಸಲ ಅವಳು ಅದನ್ನು ಹೀಗೆ ಹಬೆಯೊಳಗಿಂದ ಹುಟ್ಟುವುದನ್ನು ನೋಡುತ್ತಾಳೆ. ಸೋಮವಾರ ಮಾತ್ರ ಹಬೆಯಲ್ಲಿ ಕಿಸಿಮ್ಮೀ ಬಂದು ನಿಂತಿತು. ಎಲ್ಲಿ ನೋಡಿದರೂ ಚಪ್ಪಟೆ ನೆಲ, ನೆರಿಗೆ ಬಿಚ್ಚಿದ ಬಟ್ಟೆಯ ಹಾಗೆ. ಅದರ ನಡುವೆ ಎಲಾದಿಯೋ ಮಂಡಿನೋವಿಲ್ಲದೆ ಓಡಾಡುತ್ತಿದ್ದ. ತಾನು ಎಲ್ಲಿದ್ದೇನೆ ಎಂದು ಹುಡುಕಿದಳು, ಕಾಣಲಿಲ್ಲ.

ಹೋಗುವುದೋ ಬಿಡುವುದೋ. ಹೋಗದಿದ್ದರೆ ಅವನ ಮಂಡಿಗೆ ಇಲ್ಲ ಅಂದ ಹಾಗೆ. ಹೋದರೆ ಎಲ್ಲಕ್ಕೂ ಹೂಂ ಅಂದ ಹಾಗೆ, ಈ ಕೋಣೆ, ಈ ಹಬೆ, ಎದುರು ತುದಿಯಲ್ಲಿ ಎಣಿಸುವ ಈ ದನಿ, ಎಲ್ಲ ಮುಗಿದ ಹಾಗೆ. ಮಂಗಳವಾರವೂ ಅದೇ, ಬುಧವಾರವೂ ಅದೇ. ಫ್ರಿಜ್ಜು ತೆಗೆಯಲು ಹೋದಾಗಲೆಲ್ಲ ಆ ಹಾಳೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಅವಳಿಗೆ ಗಂಡನ ಮೇಲೆ ಸಿಟ್ಟು ಬರುತ್ತಿತ್ತು, ಅವನು ಬಾತ್‌ರೂಮಿನಿಂದ ಗೋಡೆ ಹಿಡಿದುಕೊಂಡು ಬರುವುದನ್ನು ಕಂಡಾಗ ಆ ಸಿಟ್ಟು ಎಲ್ಲಿಡಬೇಕೋ ಗೊತ್ತಾಗುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಯೂಟ್‌ಲಿಂಗ್‌ಗೆ ಹೇಳಿದಳು, ನಾಳೆ ರಜೆ, ಅಲ್ಲಿಗೆ ಹೋಗಬೇಕಾಗಬಹುದು ಎಂದು ಕಿಟಕಿಯ ಕಡೆ ಗದ್ದ ತೋರಿಸಿದಳು. ಹೋದರೆ ಏನರ್ಥ ಎಂದು ಹೇಳಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಎದುರಿಗೆ ನಿಂತು ಕೈ ನೋಡಿದವಳಿಗೆ, ಬೆಳಗ್ಗಿನಿಂದ ಎರಡು ಸಲ ಮಡಿಕೆ ತಪ್ಪಿದ್ದು ಯಾಕೆಂದು ತಿಳಿಯದೇ ಇರುತ್ತದೆಯೇ. ಅವಳು ಅನ್ನದ ಡಬ್ಬಿ ಮುಚ್ಚಿ, ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಹಳದಿ ಬಟ್ಟೆಯ ದೊಡ್ಡ ಸುರುಳಿಯೊಂದನ್ನು ಮುಟ್ಟಿ ತೋರಿಸಿದಳು.

“ನಾಳೆ ಹತ್ತು ಗಂಟೆ. ನಾನು ಛಾವಣಿ ಮೇಲೆ ಇದನ್ನ ಕಟ್ತೀನಿ. ನೀನು ಮೇಲಿಂದ ನೋಡು,” ಅಂದಳು. ಸ್ವಲ್ಪ ತಡೆದು, “ನಾವು ಇಲ್ಲಿದ್ದೀವಿ ಅಂತ ಗೊತ್ತಾಗಲಿ,” ಅಂದಳು.

ಅಂದು ಸಂಜೆ ಊಟಕ್ಕೆ ತೊಗರಿಕಾಳಿನ ಅನ್ನ, ಹುರಿದ ಬಾಳೆಕಾಯಿ. ಎಲಾದಿಯೋ ಎರಡನೇ ಸಲ ಬಡಿಸಿಕೊಳ್ಳುತ್ತ ತಟ್ಟೆಯನ್ನೇ ನೋಡಿಕೊಂಡು ಮಾತಾಡಿದ.

“ನಾಳೆ ಹತ್ತು ಗಂಟೆಗೆ.”

“ಗೊತ್ತು. ನಂಗೂ ಓದೋಕೆ ಬರುತ್ತೆ.”

“ಬರ್ತೀಯಾ ಮತ್ತೆ?”

“ನೋಡೋಣ.”

“ನೋಡೋಕೇ ಅಲ್ವಾ ಮುದುಕಿ, ಹೋಗೋದು,” ಅಂದ. ಅವನು ನಕ್ಕ, ಅವಳು ನಗಲಿಲ್ಲ. ಅವನಿಗೂ ಆಮೇಲೆ ಅನ್ನ ಇಳಿಯಲಿಲ್ಲ.

ಗುರುವಾರ ಬೆಳಗ್ಗೆ ಎದ್ದಾಗ ಊರೇ ಇರಲಿಲ್ಲ. ಅಡುಗೆಮನೆಯ ಕಿಟಕಿಗೆ ಯಾರೋ ಹಾಲು ಬಳಿದ ಹಾಗೆ ಮಂಜು. ಎದುರು ಮನೆಯ ಕಬ್ಬಿಣದ ಏಣಿ ಅರ್ಧಕ್ಕೆ ನಿಂತಿತ್ತು, ಬೀದಿಯ ಸದ್ದೆಲ್ಲ ಹತ್ತಿಯೊಳಗಿಂದ ಬಂದಂತೆ ಬರುತ್ತಿತ್ತು. ಎಲಾದಿಯೋ ಆಗಲೇ ಕೋಟು ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಟಿಕೆಟ್ಟುಗಳನ್ನು ಕೈಯಲ್ಲಿ ಹಿಡಿದು ಕೂತಿದ್ದ. ಕರೆಯಲಿಲ್ಲ, ಕಾಯುತ್ತಿದ್ದ, ಅಷ್ಟೆ. ಆ ಬಾಚಿದ ಕೂದಲನ್ನು ಲುಮಿ ನೋಡಿದಳು. ಒಳಗೆ ಹೋಗಿ ತನ್ನ ನೀಲಿ ಕೋಟು ತೊಟ್ಟುಕೊಂಡು ಬಂದಳು. ಹೂಂ ಎಂದು ನಿರ್ಧರಿಸಿಯಲ್ಲ, ಅವನನ್ನು ಒಬ್ಬನನ್ನೇ ಕಳಿಸಲಾರದೆ.

ಕೆಳಗೆ ಬಾಗಿಲ ಬಳಿ ದೋನ್ಯಾ ಎಂಗ್ರಾಸಿಯಾ ಎಂದಿನಂತೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಂಬತ್ತೊಂದು ವರ್ಷದ ಮುದುಕಿ. ಕಟ್ಟಡದ ಸುದ್ದಿಯೆಲ್ಲ ಅವಳನ್ನು ದಾಟಿಯೇ ಹೋಗಬೇಕು. ಹಳಬರಲ್ಲಿ ಉಳಿದದ್ದು ಈಗ ಎರಡೇ ಮನೆ, ಅವಳದು ಮತ್ತು ಇವರದು. ಕೋಟುಗಳನ್ನು ನೋಡಿದಳು, ಎಲಾದಿಯೋನ ಕೈಯ ಹಾಳೆಗಳನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಹುಷಾರಾಗಿ ಹೋಗಿ ಬನ್ನಿ ಎಂದಷ್ಟೇ ಹೇಳಿದಳು, ಯಾವತ್ತೂ ಅಷ್ಟಕ್ಕೇ ಮಾತು ನಿಲ್ಲಿಸಿದವಳಲ್ಲ.

ಮೂವತ್ತಮೂರನೇ ಬೀದಿಯಲ್ಲಿ ರೈಲಿಳಿದು ಹೊರಗೆ ಬಂದಾಗ ಕಟ್ಟಡ ಎಲ್ಲೂ ಇಲ್ಲ. ಬುಡದ ನಾಲ್ಕೈದು ಮಹಡಿ ಬಿಟ್ಟರೆ ಉಳಿದದ್ದನ್ನೆಲ್ಲ ಮಂಜು ನುಂಗಿತ್ತು. ಒಳಗೆ ಹೊಳೆಯುವ ಅಮೃತಶಿಲೆ, ಹಗ್ಗ ಕಟ್ಟಿದ ಖಾಲಿ ಸಾಲುಗಳು. ಕೌಂಟರಿನ ಪಕ್ಕದ ಫಲಕದಲ್ಲಿ ಇವತ್ತು ಎಷ್ಟು ಮೈಲಿ ದೂರ ಕಾಣುತ್ತದೆ ಎಂದು ಬರೆದಿದ್ದರು. ಸೊನ್ನೆ.

ಕೌಂಟರಿನಲ್ಲಿದ್ದ ಹೆಂಗಸು ಟಿಕೆಟ್ಟು ನೋಡಿ, ಇವರ ಮುಖ ನೋಡಿ, ಸ್ವಲ್ಪ ಮರುಕದಿಂದಲೇ ಹೇಳಿದಳು: “ಇವತ್ತು ಮೇಲೆ ಏನೂ ಕಾಣಲ್ಲ. ನಿಮ್ಮ ಕೈ ಕೂಡ ಕಾಣಲ್ಲ. ಬೇರೆ ದಿನಕ್ಕೆ ಬದಲಾಯಿಸಿ ಕೊಡ್ಲಾ?”

ಎಲಾದಿಯೋ ನಿಟ್ಟುಸಿರಿಟ್ಟು ಟಿಕೆಟ್ಟುಗಳನ್ನು ಅವಳ ಕಡೆ ಸರಿಸಿದ. ಶನಿವಾರ ಹೇಗೆ ಎಂದು ಕೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಲುಮಿಯ ಕೈ ಆ ಹಾಳೆಗಳ ಮೇಲೆ ಬಂತು.

“ಬೇಡ. ಇವತ್ತೇ ಹೋಗ್ತೀವಿ,” ಅಂದಳು.

ಆ ಯೋಚನೆ ಅವಳಿಗೆ ಎಲ್ಲಿಂದ ಬಂತೋ, ಆ ಸೊನ್ನೆಯಿಂದಲೇ ಬಂದಿರಬೇಕು. ದೋನ್ ಫರ್ಮಿನ್ ಊರು ನೋಡಿ ಬಂದ. ಮೂರನೇ ಮಹಡಿಯ ಕುಟುಂಬ ಊರು ನೋಡಿ ಬಂತು. ಎಲ್ಲರೂ ನೋಡಿ ಬಂದು ಹೊರಟರು. ಏನೂ ನೋಡದೆ ಬಂದರೆ ಅದನ್ನು ಹೋಗಿ ಬಂದದ್ದು ಅನ್ನುವುದು ಹೇಗೆ? ಗಂಡನ ಜೊತೆ ಹೋದ ಹಾಗೂ ಆಯಿತು, ಹೋಗದ ಹಾಗೂ ಆಯಿತು. ಲಿಫ್ಟು ಎದೆಯನ್ನು ಕೆಳಗೆ ಬಿಟ್ಟು ಮೈಯನ್ನಷ್ಟೇ ಮೇಲೆ ಒಯ್ಯುತ್ತಿದ್ದಾಗ ಅವಳು ನಾಲ್ಕು ದಿನದಲ್ಲಿ ಮೊದಲ ಸಲ ಒಳಗೊಳಗೇ ನಕ್ಕಳು.

ಎಂಬತ್ತಾರನೇ ಮಹಡಿಯ ಬಾಗಿಲು ದಾಟಿದರೆ ಬಿಳುಪು. ಕಂಬಿಯ ಬೇಲಿ ಇದೆ, ಬೇಲಿಯಾಚೆ ಜಗತ್ತು ಇನ್ನೂ ಹುಟ್ಟಿಲ್ಲ. ಇಬ್ಬರು ಪ್ರವಾಸಿಗಳು ಆ ಬಿಳುಪಿಗೇ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡು, ಚಳಿ ತಡೆಯದೆ ಒಳಗೆ ಓಡಿದರು. ಆಮೇಲೆ ಇವರಿಬ್ಬರೇ. ಲುಮಿ ಬೇಲಿಯ ಬಳಿ ನಿಂತು ಕಣ್ಣು ಮುಚ್ಚಿ ತೆರೆದಳು, ವ್ಯತ್ಯಾಸವೇ ಆಗಲಿಲ್ಲ. ಈ ಬಿಳುಪು ಅವಳಿಗೆ ಹೊಸದಲ್ಲ. ನಲವತ್ತು ವರ್ಷ ಹಬೆಯೊಳಗೆ ನಿಂತವಳು ಅವಳು. ಇದು ದೊಡ್ಡ ಹಬೆಯ ಪೆಟ್ಟಿಗೆ, ಅಷ್ಟೆ, ಯಾರೋ ಊರನ್ನೆಲ್ಲ ಮಡಿಸಿ ಒಳಗಿಟ್ಟಿದ್ದಾರೆ ಅನ್ನಿಸಿತು. ತಾಯಿ ಎಲ್ಲೋ ಪಕ್ಕದಲ್ಲೇ ಕಾಫಿ ಕಾಸುತ್ತಿದ್ದಾಳೆ, ಸಮುದ್ರ ಎಲ್ಲೋ ಕೆಳಗೇ ಇದೆ, ಕೈ ಚಾಚಿದರೆ ಮಾಯಾಗ್ವೆಸ್. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಗಂಡನ ದನಿ ದೂರದಿಂದ ಬಂದ ಹಾಗೆ ಕೇಳಿಸಿತು. ಅವನು ಪಕ್ಕದಲ್ಲೇ ಇದ್ದ.

“ಏನೂ ಕಾಣಲ್ವಲ್ಲ.”

“ಏನೂ ಕಾಣದಿದ್ರೆ ಬಂದ ಹಾಗಲ್ಲ,” ಅಂದಳು ಲುಮಿ.

ಅವನು ಆ ಮಾತನ್ನು ಬಾಯಲ್ಲಿ ತಿರುಗಿಸಿ ನೋಡಿದ. “ಓ, ಅದಕ್ಕಾ ಇವತ್ತೇ ಬೇಕು ಅಂದಿದ್ದು,” ಅಂದ. ಸಿಟ್ಟೇನೂ ಇರಲಿಲ್ಲ. ಬೇಲಿಯ ಕಂಬಿ ಹಿಡಿದು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. “ಫೆಬ್ರವರಿಯಲ್ಲಿ ಒಂದಿನ ಮೂರನೇ ಮಹಡಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದೆ ಕಣೇ. ಏಳೋಕಾಗ್ಲಿಲ್ಲ. ನಿಂಗೆ ಹೇಳ್ಲಿಲ್ಲ.”

“ಗೊತ್ತು.”

“ಎಂಗ್ರಾಸಿಯಾ ಹೇಳಿದ್ಲಾ?”

“ಅವತ್ತು ನೀನು ತಂದ ಕೊಬ್ಬರಿ ಐಸ್‌ಕ್ರೀಮ್ ಹೇಳ್ತು. ಕರಗಿ ನೀರಾಗಿತ್ತು. ನಾನೂ ನಿಂಗೆ ಹೇಳ್ಲಿಲ್ಲ.”

ಅವನು ಅವಳ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಪಶ್ಚಿಮದಿಂದ ಗಾಳಿ ಬೀಸಿತು.

ಮಂಜು ಬಿರಿಯಿತು. ಕಾಣಬಾರದ್ದೆಲ್ಲ ಒಟ್ಟಿಗೇ ಕಂಡಿತು. ಉತ್ತರಕ್ಕೆ ಪಾರ್ಕಿನ ಎಳೆಹಸಿರು, ಅದರ ಕೊನೆಯಲ್ಲಿ ಅವರ ಬೀದಿ ಇರಬೇಕಾದ ಜಾಗ, ಈ ಕಡೆ ನದಿಯ ಸೀಸದ ಬಣ್ಣ, ಬೀದಿಗಳು ಒಂದರ ಪಕ್ಕ ಒಂದು ನೆರಿಗೆ ಹಾಕಿದಷ್ಟು ನೇರವಾಗಿ. ಹತ್ತಿರದಲ್ಲೇ, ಕಾರ್ಖಾನೆಗಳ ಛಾವಣಿಗಳ ಮೇಲೆ, ಮರದ ನೀರಿನ ತೊಟ್ಟಿಗಳ ನಡುವೆ, ಒಂದು ಚುಕ್ಕೆ. ಸಾಸಿವೆ ಹೂವಿನಷ್ಟು ಪುಟ್ಟದು. ಈ ಮಂಜಿನಲ್ಲಿ, ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ, ಯೂಟ್‌ಲಿಂಗ್ ಕಟ್ಟಿದ್ದಾಳೆ. ಗಂಡನಿಗೆ ಅದರ ಬಗ್ಗೆ ಲುಮಿ ಏನೂ ಹೇಳಿರಲಿಲ್ಲ.

“ಹಳದಿ. ನಿಮ್ಮ ಕಾರ್ಖಾನೆ ಮೇಲೆ,” ಅಂದ ಎಲಾದಿಯೋ.

ಮತ್ತೆ ಎಲ್ಲ ಮುಚ್ಚಿಕೊಂಡಿತು. ಅಷ್ಟೇ ಹೊತ್ತು, ಹಬೆಯ ಪೆಟ್ಟಿಗೆಯ ಬಾಗಿಲು ತೆಗೆದು ಹಾಕಿದಷ್ಟು. ಆದರೆ ಅವನು ನೋಡಿದ್ದ. ಅವಳೂ ನೋಡಿದ್ದಳು. ಇಬ್ಬರೂ ನೋಡಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು. ಲಿಫ್ಟಿನಲ್ಲಿ ಇಳಿಯುವಾಗ ಲುಮಿ ಅವನ ಮುಖ ನೋಡಲಿಲ್ಲ. ನೋಡಿಯಾಯಿತಲ್ಲ, ಇನ್ನೇನು, ಎಂದು ಮನಸ್ಸಿಗೆ ಹೇಳಿಕೊಂಡಳು. ರೈಲಿನಲ್ಲಿ ಕೂತು, ಬಾಣಲೆಯನ್ನು ಹಳೆಯ ಪೇಪರಿನಲ್ಲಿ ಸುತ್ತಬೇಕು ಎಂದುಕೊಂಡಳು, ಕೆಲಸದ ಮೇಜಿಗೆ ಯಾರನ್ನು ತರುತ್ತಾರೋ, ಹೊಸಬರಿಗೆ ಯೂಟ್‌ಲಿಂಗ್‌ನ ಎಣಿಕೆ ಹೊಂದುತ್ತದೋ ಇಲ್ಲವೋ ಎಂದುಕೊಂಡಳು. ಕಣ್ಣು ತುಂಬಿದ್ದನ್ನು ಮಂಜಿನ ಮೇಲೆ ಹಾಕಿ ಕರವಸ್ತ್ರದಿಂದ ಒರೆಸಿದಳು.

ನೂರಹತ್ತನೇ ಬೀದಿಯಲ್ಲಿ ಮಂಜು ತೆಳುವಾಗಿತ್ತು. ದೋನ್ಯಾ ಎಂಗ್ರಾಸಿಯಾ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳು ಯಾರಿಗೂ ಎದ್ದು ನಿಲ್ಲುವವಳಲ್ಲ.

“ಹೋಗಿ ಬಂದ್ರಾ? ಊರು ಕಾಣಿಸ್ತಾ?” ಎಂದು ಕೇಳಿದಳು.

ಇದು ತಾನು ಹೇಳುವ ಉತ್ತರವಲ್ಲ ಎಂದು ಲುಮಿಗೆ ಗೊತ್ತಿತ್ತು. ಟಿಕೆಟ್ಟು ತಂದವನು ಹೇಳಬೇಕು, ಮಂಡಿ ಯಾರದೋ ಅವನು ಹೇಳಬೇಕು. ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಎಲಾದಿಯೋ ಟೋಪಿ ತೆಗೆದು ಹನಿ ಕೊಡವಿದ. ಐದು ಮಹಡಿಯ ಮೆಟ್ಟಿಲುಗಳನ್ನು ಬಾಗಿಲೊಳಗಿಂದ ಒಮ್ಮೆ ನೋಡಿದ. ಆಮೇಲೆ ಮುದುಕಿಯ ಕಡೆ ತಿರುಗಿದ.

“ಏನು ಮಂಜು ಅಂತೀರಾ. ಏನೂ ಕಾಣ್ಲಿಲ್ಲ,” ಅಂದ. “ಸುಮ್ನೆ ಹೋಗಿ ಬಂದ ಹಾಗಾಯ್ತು.”

ಎಂಗ್ರಾಸಿಯಾ ಧೊಪ್ಪನೆ ಕುರ್ಚಿಯಲ್ಲಿ ಕೂತಳು. ಟಿಕೆಟ್ಟು ದಂಡ ಮಾಡಿಕೊಂಡ ಪೆದ್ದರು ಎಂದು ಇಬ್ಬರನ್ನೂ ಬಾಯ್ತುಂಬ ಬೈದಳು, ಕಟ್ಟಡಕ್ಕೆಲ್ಲ ಕೇಳಿಸುವ ಹಾಗೆ.

ಮೆಟ್ಟಿಲು ಹತ್ತಲು ಶುರುಮಾಡಿದರು. ಒಂದನೇ ಮಹಡಿ, ಎರಡನೇ ಮಹಡಿ. ಲುಮಿ ಹಿಂದೆ, ಅವನು ಮುಂದೆ ಕಂಬಿ ಹಿಡಿದು. ಮೂರನೇ ಮಹಡಿಯ ತಿರುವಿನಲ್ಲಿ ಅವನು ನಿಂತುಬಿಟ್ಟ. ಮುಖ ಬೆವರಿತ್ತು.

“ಆ ಕುರ್ಚಿ ಎಲ್ಲಿ ಹಾಕಿದ್ದೀಯ?” ಎಂದು ಕೇಳಿದ, ಗೋಡೆ ನೋಡಿಕೊಂಡು.

“ಅಡುಗೆಮನೆ ಬಾಗಿಲ ಹಿಂದೆ.”

“ತಗೊಂಡ್ ಬಾ.”

ಅವಳು ಎರಡು ಮಹಡಿ ಹತ್ತಿ ಹೋಗಿ, ಕುರ್ಚಿ ಹೊತ್ತುಕೊಂಡು ಇಳಿದು ಬಂದಳು. ತಿರುವಿನ ಮೂಲೆಯಲ್ಲಿ, ಕಿಟಕಿಗೆ ಪಕ್ಕವಾಗಿ ಇಟ್ಟಳು. ಅವನು ಕೂತ. ಅವಳು ಮೆಟ್ಟಿಲ ಮೇಲೆ, ಅವನ ಕಾಲ ಬಳಿ ಕೂತಳು. ಕೆಳಗಿನಿಂದ ಎಂಗ್ರಾಸಿಯಾ ಇನ್ನೂ ಯಾರಿಗೋ ಕಥೆ ಹೇಳುತ್ತಿದ್ದದ್ದು ಕೇಳುತ್ತಿತ್ತು. ಎಲಾದಿಯೋ ಎರಡೂ ಮಂಡಿಗಳನ್ನು ಅಂಗೈಯಿಂದ ಉಜ್ಜಿಕೊಂಡ.

“ನಾಳೆ ಕೆಲಸಕ್ಕೆ ಹೋದಾಗ ಯೂಟ್‌ಲಿಂಗ್‌ಗೆ ಹೇಳು,” ಅಂದ ಆಮೇಲೆ. “ಬಟ್ಟೆ ನೆನೆದಿರುತ್ತೆ, ಇಳಿಸಿ ಒಣಹಾಕಲಿ.”